ಗೇಮಿಂಗ್ ಮೌಸ್‌ನ ಗುಣದೋಷ ಅಳೆಯುವ ಬಗೆ: ನಮ್ಮ ಮಳೆ, ಸೆಕೆ, ಬೆವರನ್ನೂ ಲೆಕ್ಕಕ್ಕಿಟ್ಟ ಮಾರ್ಗದರ್ಶಿ

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾದ ಡಿಪಿಐ (ಮೌಸ್ ಒಂದು ಇಂಚು ಸರಿದಾಗ ಕಳಿಸುವ ಎಣಿಕೆ) ಸಂಖ್ಯೆ ನೋಡಿ ಮೌಸ್ ಆರಿಸುವವರು ನಮ್ಮಲ್ಲಿ ಬಹಳ. 7,200ಕ್ಕಿಂತ 12,800 ಮೇಲು, ಅದಕ್ಕಿಂತ 26,000 ಮೇಲು ಎಂಬ ಲೆಕ್ಕ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ರಿಪೇರಿ ಮೇಜಿಗೆ ಬರುವ ಮೌಸ್‌ಗಳು ಬೇರೆಯೇ ಹೇಳುತ್ತವೆ. ಸೆನ್ಸರ್, ಅಂದರೆ ಚಲನೆ ಗುರುತಿಸುವ ಅಡಿಯ ಕಣ್ಣು, ಕೆಟ್ಟು ಬಂದದ್ದು ಅಪರೂಪ. ಒಂದು ಸಲ ಒತ್ತಿದರೆ ಎರಡು ಸಲ ಬೀಳುವ ಕ್ಲಿಕ್, ಹಿಂದುಮುಂದಾಗಿ ಓಡುವ ವೀಲ್, ಕೈಗೆ ಅಂಟುವ ಮೇಲ್ಮೈ, ಇಷ್ಟರಲ್ಲೇ ಹೆಚ್ಚಿನವು ಮುಗಿಯುತ್ತವೆ. ಕಡಲು ಹತ್ತಿರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ದಿನಗಳಲ್ಲಿ ಬೆವರು. ಇಂಥ ಊರಲ್ಲಿ ಮೌಸ್‌ನ ಬೆಲೆ ಕಟ್ಟುವಾಗ ಸ್ವಿಚ್ಚು ಮತ್ತು ಮೈಯ ಪ್ಲಾಸ್ಟಿಕ್ಕಿಗೆ ಸೆನ್ಸರ್‌ಗಿಂತ ಹೆಚ್ಚು ಅಂಕ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ತೊಂದರೆ ಇದೆ. ಕುಂಬಳೆ, ಉಪ್ಪಳ, ಮುಳ್ಳೇರಿಯದಂಥ ಪೇಟೆಗಳಲ್ಲಿ ಕೈಯಲ್ಲಿ ಹಿಡಿದು ನೋಡಲು ಸಿಗುವುದು ಎರಡು ಮೂರು ಮಾದರಿ ಅಷ್ಟೆ. ಹೆಚ್ಚು ಬೇಕಾದರೆ ಮಂಗಳೂರಿನ ಬಸ್ಸು ಹತ್ತಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕು. ತರಿಸಿದರೆ ಬದಲಿ ಕೊಡುವ ಅವಧಿ ಮುಗಿಯುವುದರೊಳಗೆ ಮನೆಯಲ್ಲೇ ಪರೀಕ್ಷೆ ಮುಗಿಯಬೇಕು. ಹಾಗಾಗಿ ಕೆಳಗಿನ ಎಲ್ಲ ಪರೀಕ್ಷೆಗಳನ್ನೂ ಮನೆಯಲ್ಲಿರುವ ಸಾಮಾನಿನಿಂದಲೇ ಮಾಡುವಂತೆ ಬರೆದಿದ್ದೇನೆ: ಒಂದು ಸ್ಕೇಲು, ಎರಡು ದಪ್ಪ ಪುಸ್ತಕ, ಒಂದೆರಡು ಹಳೆಯ ಸಿಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ.

1. ಕೊಳ್ಳುವ ಮೊದಲು: ಕೈ ಅಳೆಯಿರಿ

ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಸ್ಕೇಲು ಹಿಡಿಯಿರಿ. ಅದರ ಶೇಕಡಾ 60ರಷ್ಟು ಉದ್ದದ ಮೌಸ್ ಹೆಚ್ಚಿನವರಿಗೆ ಹಿಡಿಸುತ್ತದೆ ಎಂಬುದು ಆಟಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ಕೈ 18 ಸೆಂ.ಮೀ. ಇದ್ದರೆ ಮೌಸ್ ಸುಮಾರು 10.8 ಸೆಂ.ಮೀ. ಇದು ಶಾಸನವೇನಲ್ಲ, ಹುಡುಕಾಟ ಶುರುಮಾಡಲು ಒಂದು ಗುರುತು. ನಮ್ಮಲ್ಲಿ ಬಹಳ ಮಾರಾಟವಾಗುವ ಲಾಜಿಟೆಕ್ ಜಿ102ರ ಉದ್ದ 116.6 ಮಿ.ಮೀ., ತೂಕ ವಯರು ಬಿಟ್ಟು 85 ಗ್ರಾಂ. ಹೈಸ್ಕೂಲ್ ಮಕ್ಕಳ ಕೈಗೂ ಅದು ಒಗ್ಗುತ್ತದೆ. ಬಲಗೈಯ ವಾಟಕ್ಕೆ ಉಬ್ಬಿಸಿ ಮಾಡಿದ ರೇಜರ್ ಡೆತ್‌ಆ್ಯಡರ್ ಮಾದರಿಗಳು ದೊಡ್ಡ ಅಂಗೈಯವರಿಗೆ ಆರಾಮ, ಸಣ್ಣ ಕೈಯವರಿಗೆ ಪಕ್ಕದ ಗುಂಡಿ ಎಟುಕುವುದು ಕಷ್ಟ.

ಆಮೇಲೆ ಹಿಡಿಯುವ ರೀತಿ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಬೆನ್ನು ಎತ್ತರವಾದ, ಉದ್ದದ ಮೌಸ್ ಬೇಕು. ಬೆರಳು ಮಡಚಿ, ಅಂಗೈಯ ಬುಡ ಮಾತ್ರ ತಾಗಿಸಿ ಹಿಡಿಯುವವರಿಗೆ ಹಿಂಭಾಗ ಉಬ್ಬಿರಬೇಕು. ಬರೀ ಬೆರಳ ತುದಿಯಲ್ಲಿ ಆಡಿಸುವವರಿಗೆ ಗಿಡ್ಡ, ಹಗುರ ಮೌಸ್. ನಿಮ್ಮದು ಯಾವುದು ಎಂದು ತಿಳಿಯಬೇಕಾದರೆ ಈಗಿರುವ ಮೌಸ್ ಹಿಡಿದು ಹತ್ತು ನಿಮಿಷ ಆಡಿ, ತಟ್ಟನೆ ನಿಲ್ಲಿಸಿ ಕೈಯನ್ನೇ ನೋಡಿ. ಆಡುವ ಮೊದಲು ಹಿಡಿದು ನೋಡಿದರೆ ಮನಸ್ಸು ಚಂದದ ಹಿಡಿತವನ್ನು ತೋರಿಸುತ್ತದೆ, ಆಟದ ಬಿಸಿಯಲ್ಲಿ ಕೈ ತನ್ನ ಅಭ್ಯಾಸಕ್ಕೆ ಮರಳಿರುತ್ತದೆ.

ಎಡಗೈಯವರಿಗೆ ಒಂದು ಎಚ್ಚರಿಕೆ. ಎರಡೂ ಬದಿ ಒಂದೇ ಆಕಾರ ಎಂದು ಬರೆದಿದ್ದರೂ ಪಕ್ಕದ ಗುಂಡಿಗಳು ಹೆಚ್ಚಾಗಿ ಎಡಬದಿಯಲ್ಲಿ ಮಾತ್ರ ಇರುತ್ತವೆ. ಚಿತ್ರ ತಿರುಗಿಸಿ ನೋಡಿದ ಮೇಲೆ ದುಡ್ಡು ಕೊಡಿ.

ತೂಕದ ವಿಷಯ ಹೇಳುವುದಾದರೆ, 60 ಗ್ರಾಂ ಆಸುಪಾಸಿನದು ಈಗ ಹಗುರ ಎನಿಸಿಕೊಳ್ಳುತ್ತದೆ, 100 ದಾಟಿದರೆ ಭಾರ. ಗುರಿ ಹಿಡಿದು ಗುಂಡು ಹೊಡೆಯುವ ಆಟಗಳಿಗೆ ಹಗುರವೇ ವಾಸಿ. ಗಂಟೆಗಟ್ಟಲೆ ಆಡಿದರೂ ಮಣಿಕಟ್ಟು ಬಚ್ಚುವುದು ಕಡಿಮೆ. ತಕ್ಕಡಿಯಲ್ಲಿ ತೂಗುವಾಗ ವಯರನ್ನು ಕೈಯಲ್ಲಿ ಎತ್ತಿ ಹಿಡಿಯಿರಿ, ಕೆಲವು ಪೆಟ್ಟಿಗೆಗಳ ಮೇಲಿನ ಅಂಕಿಯಲ್ಲಿ ವಯರು ಸೇರಿರುವುದಿಲ್ಲ.

2. ಪರೀಕ್ಷೆಗೆ ಮೊದಲು ಕಂಪ್ಯೂಟರನ್ನು ಸರಿಮಾಡಿ

ಇದನ್ನು ಬಿಟ್ಟರೆ ಮುಂದಿನ ಅಳತೆಗಳೆಲ್ಲ ದಂಡ. ವಿಂಡೋಸ್‌ನಲ್ಲಿ ಮೌಸ್ ಸೆಟ್ಟಿಂಗ್ಸ್ ತೆರೆದು, ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್’ ಎಂಬುದರ ಎದುರಿನ ಗುರುತು ತೆಗೆಯಿರಿ. ಅದು ಇದ್ದಾಗ ಕೈ ಬೇಗ ಓಡಿಸಿದರೆ ಕರ್ಸರ್ ಇನ್ನಷ್ಟು ದೂರ ಹೋಗುತ್ತದೆ, ನಿಧಾನ ಓಡಿಸಿದರೆ ಕಡಿಮೆ. ಅಂದರೆ ಕೈಗೂ ಪರದೆಗೂ ನಿಶ್ಚಿತ ಲೆಕ್ಕ ಇರುವುದಿಲ್ಲ. ವೇಗದ ಪಟ್ಟಿಯನ್ನು ನಡುವಿನ ಹಂತಕ್ಕೆ (11 ಹಂತಗಳ ಪಟ್ಟಿಯಾದರೆ 6ನೆಯದಕ್ಕೆ) ಇಡಿ.

ನಮ್ಮ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿ ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ. ಹಾಗಾಗಿ ಮಕ್ಕಳಿರುವ ಹಲವು ಮನೆಗಳಲ್ಲೂ ಅದೇ ಇದೆ. ಅಲ್ಲಿ ಮೌಸ್ ಸೆಟ್ಟಿಂಗ್ಸ್‌ನಲ್ಲಿ ಇದೇ ಕೆಲಸ ಮಾಡುವ ‘ಆ್ಯಕ್ಸೆಲರೇಶನ್’ ನಿಲ್ಲಿಸಿದರೆ ಸಾಕು. ಮೌಸ್ ಕಂಪೆನಿಗಳ ಸಾಫ್ಟ್‌ವೇರ್ ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ ಸಿಗುತ್ತದೆ. ಲಿನಕ್ಸ್‌ನಲ್ಲಿ ‘ಪೈಪರ್’ ಎಂಬ ಉಚಿತ ತಂತ್ರಾಂಶ ಹಲವು ಮಾದರಿಗಳನ್ನು ಗುರುತಿಸುತ್ತದೆ. ಡಿಪಿಐ, ಗುಂಡಿ, ಬಣ್ಣದ ದೀಪ ಎಲ್ಲ ಅಲ್ಲೇ ಬದಲಿಸಬಹುದು. ಮೌಸ್‌ಗೆ ತನ್ನದೇ ಮೆಮೊರಿ ಇದೆಯೇ ಎಂದೂ ನೋಡಿ. ಇದ್ದರೆ ಗೆಳೆಯನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಒಮ್ಮೆ ಹೊಂದಿಸಿ ತಂದರೂ ಆ ಹೊಂದಿಕೆ ಉಳಿಯುತ್ತದೆ. ಇದನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ.

3. ಡಿಪಿಐ ಎಷ್ಟು ನಿಜ?

ಡಿಪಿಐ ಎಂದರೆ ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರಿಗೆ ಕಳಿಸುವ ಎಣಿಕೆ. ಮೇಲಿನಂತೆ ಹೊಂದಿಸಿದ ಕಂಪ್ಯೂಟರಿನಲ್ಲಿ ಒಂದು ಎಣಿಕೆಗೆ ಕರ್ಸರ್ ಒಂದು ಪಿಕ್ಸೆಲ್ ಸರಿಯುತ್ತದೆ. ಮಾನಿಟರ್ 1920 ಪಿಕ್ಸೆಲ್ ಅಗಲದ್ದಾದರೆ, 800 ಡಿಪಿಐಯಲ್ಲಿ ಎಡತುದಿಯಿಂದ ಬಲತುದಿ ಮುಟ್ಟಲು 2.4 ಇಂಚು, ಅಂದರೆ 6.1 ಸೆಂ.ಮೀ. ಬೇಕು.

ಮೇಜಿನ ಮೇಲೆ ಸ್ಕೇಲು ಅಡ್ಡ ಇಟ್ಟು ಅದರ ಅಂಚಿಗೆ ಮೌಸ್ ತಾಗಿಸಿ. ಕರ್ಸರ್ ಎಡತುದಿಯಲ್ಲಿರಲಿ. ಸ್ಕೇಲಿನಗುಂಟ ನಿಧಾನ ಸರಿಸಿ, ಬಲತುದಿ ಮುಟ್ಟಿದೊಡನೆ ನಿಲ್ಲಿಸಿ ಅಳೆಯಿರಿ. 6 ಸೆಂ.ಮೀ. ಹತ್ತಿರ ಬಂದರೆ ಒಳ್ಳೆಯದು, ಒಂದೆರಡು ಮಿ.ಮೀ. ಆಚೀಚೆ ಆದರೆ ಚಿಂತೆ ಬೇಡ. 1600ಕ್ಕೆ ಏರಿಸಿದಾಗ ಅಂತರ ಸರಿಯಾಗಿ ಅರ್ಧವಾಗಬೇಕು. 800ರಲ್ಲಿ ಐದು ಸೆಂ.ಮೀ.ಗೋ ಏಳಕ್ಕೋ ಮುಗಿದರೆ ಆ ಮೌಸ್‌ನ ಸಂಖ್ಯೆಗಳನ್ನು ನಂಬಬೇಡಿ.

ದೊಡ್ಡ ಸಂಖ್ಯೆಯಿಂದ ಏನು ಲಾಭ? ಬಹುತೇಕ ಆಟಗಾರರು 400ರಿಂದ 1600ರ ನಡುವೆಯೇ ಆಡುತ್ತಾರೆ. ಅಗ್ಗದ ಮೌಸ್‌ಗಳಲ್ಲಿ ಎಷ್ಟೋ ಸಲ ಸೆನ್ಸರ್‌ನ ಸ್ವಂತ ಶಕ್ತಿ ಕಡಿಮೆ ಇದ್ದು, ಎಣಿಕೆಯನ್ನು ಗುಣಿಸಿ ಹಿಗ್ಗಿಸಿ ತೋರಿಸಿರುತ್ತಾರೆ. ಅಂಥದ್ದನ್ನು ತುತ್ತತುದಿಗೆ ಏರಿಸಿ, ಪೇಂಟ್ ತೆರೆದು ಓರೆಗೆರೆಯೊಂದನ್ನು ತೀರಾ ನಿಧಾನವಾಗಿ ಎಳೆಯಿರಿ. ಗೆರೆ ನಡುಗಿದರೆ, ಮೆಟ್ಟಿಲಿನಂತೆ ಹಾರಿದರೆ ಆ ಅಂಕಿ ಪೆಟ್ಟಿಗೆಯ ಅಲಂಕಾರಕ್ಕೆ ಮಾತ್ರ.

4. ಸೆನ್ಸರ್‌ಗೆ ಮೂರು ಪರೀಕ್ಷೆ

ಮೊದಲನೆಯದು ಪೇಂಟ್‌ನಲ್ಲೇ. 800 ಡಿಪಿಐಯಲ್ಲಿ ದುಂಡಗೆ, ಓರೆಯಾಗಿ, ಅಲೆಯಲೆಯಾಗಿ ಎಳೆಯಿರಿ. ಕೈಯಿಂದ ಎಳೆದ ಗೆರೆ ಸ್ವಲ್ಪ ಸೊಟ್ಟಗಿರುವುದು ಸಹಜ. ಸ್ಕೇಲಿಟ್ಟು ಎಳೆದಂತೆ ನೆಟ್ಟಗೆ ಬಂದರೆ ಮೌಸ್ ತಾನೇ ತಿದ್ದುತ್ತಿದೆ ಎಂದರ್ಥ. ಚಿತ್ರ ಬರೆಯುವವರಿಗೆ ಅದು ಅನುಕೂಲವೆನಿಸಬಹುದು, ಆಟದಲ್ಲಿ ದೋಷ.

ಎರಡನೆಯದು ವೇಗದ್ದು. ಪೆಟ್ಟಿಗೆಯಲ್ಲಿ ಐಪಿಎಸ್ ಎಂಬ ಅಂಕಿ ಹುಡುಕಿ. ಸೆಕೆಂಡಿಗೆ ಎಷ್ಟು ಇಂಚು ವೇಗದವರೆಗೆ ಸೆನ್ಸರ್ ದಾರಿ ತಪ್ಪದೆ ನೋಡುತ್ತದೆ ಎಂಬುದು ಅದರಲ್ಲಿದೆ. 60 ಐಪಿಎಸ್ ಎಂದರೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್, ಜೋರಾಗಿ ಕೈ ಬೀಸಿದರೆ ಅದನ್ನು ಮೀರುವುದು ಸುಲಭ. ಪಿಕ್ಸ್‌ಆರ್ಟ್ ಕಂಪೆನಿಯ ಪಿಎಂಡಬ್ಲ್ಯೂ 3360 ಸೆನ್ಸರ್‌ನದು 250, ಅಂದರೆ ಆರು ಮೀಟರಿಗೂ ಮೇಲೆ. ಅದೇ ಕಂಪೆನಿಯ ಪಿಎಡಬ್ಲ್ಯೂ 3395ರದು 650. ನನ್ನ ದೃಷ್ಟಿಯಲ್ಲಿ 200 ದಾಟಿದ ಮೇಲೆ ಹೆಚ್ಚು ದುಡ್ಡು ಕೊಡುವ ಅಗತ್ಯ ಬಹಳ ಮಂದಿಗಿಲ್ಲ.

ಪರೀಕ್ಷೆ ಹೀಗೆ: ಮೇಜಿನ ಮೇಲೆ ಒಂದಡಿ ಅಂತರದಲ್ಲಿ ಎರಡು ದಪ್ಪ ಪುಸ್ತಕ ನಿಲ್ಲಿಸಿ. ಆಟ ತೆರೆದು, ಮೌಸನ್ನು ಎಡಗಡೆಯ ಪುಸ್ತಕಕ್ಕೆ ತಾಗಿಸಿ, ಗೋಡೆಯ ಮೇಲೆ ಒಂದು ಗುರುತಿಗೆ ಗುರಿ ಇಡಿ. ಬಲಗಡೆಯ ಪುಸ್ತಕ ಮುಟ್ಟುವವರೆಗೆ ನಿಧಾನ ಸರಿಸಿ, ಅಲ್ಲಿಂದ ರಭಸದಿಂದ ವಾಪಸ್ ಎಳೆಯಿರಿ. ಗುರಿ ಅದೇ ಗುರುತಿಗೆ ಮರಳಬೇಕು. ಮೌಸ್ ಓರೆಯಾಗಿ ತಿರುಗಿದರೆ ಫಲಿತಾಂಶ ಕೆಡುತ್ತದೆ, ಅದಕ್ಕೆ ಸ್ಕೇಲಿನ ಅಂಚನ್ನು ಆಸರೆಯಾಗಿ ಬಳಸಿ. ನಾಲ್ಕಾರು ಸಲ ಮಾಡಿದಾಗಲೂ ಒಂದೇ ಬದಿಗೆ ತಪ್ಪುತ್ತಿದ್ದರೆ ಸೆನ್ಸರ್ ವೇಗಕ್ಕೆ ಸೋಲುತ್ತಿದೆ, ಇಲ್ಲವೇ ಒಳಗೆ ಆ್ಯಕ್ಸೆಲರೇಶನ್ ಇದೆ.

ಮೂರನೆಯದಕ್ಕೆ ಸಿಡಿ. ಮೌಸ್ ಎತ್ತಿ ಬೇರೆಡೆ ಇಡುವಾಗ ಕರ್ಸರ್ ಸರಿಯಬಾರದು. ಸಿಡಿಯ ದಪ್ಪ 1.2 ಮಿ.ಮೀ. ನಡುವಿನ ತೂತಿನ ಮೇಲೆ ಸೆನ್ಸರ್ ಬರುವಂತೆ ಹಳೆಯ ಯಕ್ಷಗಾನದ ಸಿಡಿಯೊಂದರ ಮೇಲೆ ಮೌಸ್ ಇಟ್ಟು, ಎರಡನ್ನೂ ಒಟ್ಟಿಗೆ ಸರಿಸಿ. ಒಂದು ಸಿಡಿಯಲ್ಲೇ ಕರ್ಸರ್ ನಿಂತರೆ ಉತ್ತಮ. ಎರಡು ಸಿಡಿ ಇಟ್ಟರೂ, ಅಂದರೆ 2.4 ಮಿ.ಮೀ. ಎತ್ತರದಲ್ಲೂ ಕರ್ಸರ್ ಓಡುತ್ತಿದ್ದರೆ ಪ್ರತಿಸಲ ಮೌಸ್ ಎತ್ತುವಾಗ ಗುರಿ ಕದಲುತ್ತದೆ.

ಇವೆಲ್ಲವನ್ನೂ ಬಟ್ಟೆಯ ಪ್ಯಾಡ್ ಮೇಲೆ ಮಾಡಿ. ಮೇಜಿಗೆ ಗಾಜು ಹಾಸಿದ್ದರೆ ಹೆಚ್ಚಿನ ಸೆನ್ಸರ್‌ಗಳಿಗೆ ಏನೂ ಕಾಣುವುದಿಲ್ಲ. ಅದು ಮೌಸ್‌ನ ತಪ್ಪಲ್ಲ.

5. ಪೋಲಿಂಗ್ ರೇಟ್

ಮೌಸ್ ಸೆಕೆಂಡಿಗೆ ಎಷ್ಟು ಸಲ ಸುದ್ದಿ ಕಳಿಸುತ್ತದೆ ಎಂಬ ಲೆಕ್ಕ. 125 ಹರ್ಟ್ಜ್ ಆದರೆ 8 ಮಿಲಿಸೆಕೆಂಡಿಗೊಮ್ಮೆ, 1000 ಆದರೆ ಒಂದು ಮಿಲಿಸೆಕೆಂಡಿಗೊಮ್ಮೆ, 8000 ಆದರೆ 0.125ಕ್ಕೊಮ್ಮೆ. ನಿಮ್ಮ ಮಾನಿಟರ್ 60 ಹರ್ಟ್ಜ್‌ನದಾದರೆ ಒಂದು ಚಿತ್ರ ಬದಲಾಗುವುದೇ 16.7 ಮಿಲಿಸೆಕೆಂಡಿಗೆ. 1000 ಧಾರಾಳ ಸಾಕು. 8000ದ ಮೌಸ್ ಹಳೆಯ ಪ್ರೊಸೆಸರ್ ಮೇಲೆ ಹೊರೆ ಹಾಕಿ ಆಟವನ್ನೇ ತಡೆತಡೆದು ಓಡಿಸಬಹುದು. ಪೋಲಿಂಗ್ ತೋರಿಸುವ ಉಚಿತ ಪರೀಕ್ಷೆಗಳು ಬ್ರೌಸರ್‌ನಲ್ಲೇ ಸಿಗುತ್ತವೆ. ಮೌಸ್ ಗರಗರ ತಿರುಗಿಸುವಾಗ ಅಂಕಿ ಹೇಳಿದಷ್ಟರ ಆಸುಪಾಸಿನಲ್ಲಿದ್ದರೆ ಮುಂದಕ್ಕೆ ಹೋಗಿ.

6. ಸ್ವಿಚ್ಚು: ಇಲ್ಲಿ ಆತುರ ಬೇಡ

ಆಟಿ ತಿಂಗಳ ಜಡಿಮಳೆಯಲ್ಲಿ ನೀರ್ಚಾಲಿನ ಹುಡುಗನೊಬ್ಬ ಮೌಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ. “ಅಣ್ಣಾ, ನಾನು ಒಂದು ಗುಂಡು ಹೊಡೆದ್ರೆ ಅದು ಎರಡು ಹೊಡೀತದೆ” ಎಂದ. ಅಡಿಯ ಜಾರುಪಟ್ಟಿ ಕಿತ್ತು, ಅದರ ಕೆಳಗಿನ ಸ್ಕ್ರೂ ಬಿಚ್ಚಿ, ಎಡ ಸ್ವಿಚ್ಚಿನ ಕರಿ ಮುಚ್ಚಳವನ್ನು ಬ್ಲೇಡಿನ ತುದಿಯಿಂದ ಎಬ್ಬಿಸಿದೆ. ಒಳಗೆ ಉಗುರಿನ ಅಗಲಕ್ಕಿಂತ ಚಿಕ್ಕದಾದ ತಾಮ್ರದ ತಗಡು. ಅದು ಬಾಗಿ ಕೆಳಗಿನ ಬಿಂದುವಿಗೆ ಬಡಿದರೆ ಕ್ಲಿಕ್. ಆ ಬಿಂದುವಿನ ಮೇಲೆ ಸಾಸಿವೆಗಿಂತ ಸಣ್ಣದೊಂದು ಕಪ್ಪು ಕಲೆ ಕೂತಿತ್ತು. ಅವನ ತೊಂದರೆಯೆಲ್ಲ ಅಷ್ಟರಲ್ಲೇ ಇತ್ತು.

ಆಗುವುದು ಇಷ್ಟು. ಲೋಹಕ್ಕೆ ಲೋಹ ಬಡಿದಾಗ ಅದು ಒಂದೇ ಸಲಕ್ಕೆ ಕೂರುವುದಿಲ್ಲ, ಕ್ಷಣಾರ್ಧದಲ್ಲಿ ಹಲವು ಸಲ ಪುಟಿಯುತ್ತದೆ. ಆ ಪುಟಿತವನ್ನು ಕ್ಲಿಕ್ ಎಂದು ಎಣಿಸದಿರಲು ಮೌಸ್ ಕೆಲವು ಮಿಲಿಸೆಕೆಂಡು ಕಾಯುತ್ತದೆ. ಇದಕ್ಕೆ ಡಿಬೌನ್ಸ್ ಎನ್ನುತ್ತಾರೆ. ತೇವದ ಗಾಳಿಯಲ್ಲಿ ಲೋಹದ ಮೇಲೆ ಆಕ್ಸೈಡ್ ಪದರ ಕಟ್ಟಿದರೆ, ತಗಡಿನ ಬಿಗಿಯೂ ಸಡಿಲಾದರೆ, ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಡಿಬೌನ್ಸ್ ಸಮಯ ಮುಗಿದ ಮೇಲೂ ಬಿಡುವುದು ಕೂಡುವುದು ನಡೆದರೆ ಅದು ಎರಡನೆಯ ಕ್ಲಿಕ್. ಮೌಸ್ ಸ್ವಿಚ್ಚಿನಲ್ಲಿ ಹರಿಯುವ ವಿದ್ಯುತ್ತು ತೀರಾ ಕಡಿಮೆ, ಆ ಪದರವನ್ನು ಸುಟ್ಟು ತೆಗೆಯುವಷ್ಟು ಶಕ್ತಿ ಅದಕ್ಕಿಲ್ಲ.

ಪೆಟ್ಟಿಗೆಯಲ್ಲಿ 2 ಕೋಟಿ, 5 ಕೋಟಿ, 8 ಕೋಟಿ ಕ್ಲಿಕ್ ಎಂದು ಬರೆದಿರುತ್ತದೆ. ಆ ಅಂಕಿಯಲ್ಲಿ ನಮ್ಮ ಮಳೆಗಾಲ ಲೆಕ್ಕಕ್ಕೆ ಬರುವುದಿಲ್ಲ. ಯಂತ್ರದಿಂದ ಒತ್ತಿಸಿ ತಗಡು ಎಷ್ಟು ಬಾಳುತ್ತದೆಂದು ನೋಡಿದ ಲೆಕ್ಕ ಅದು. ಹಾಗಾಗಿ ಮಾದರಿ ಆರಿಸುವಾಗ ‘ಆಪ್ಟಿಕಲ್ ಸ್ವಿಚ್’ ಎಂದಿದೆಯೇ ನೋಡಿ. ಅದರಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಕಿರಣವೊಂದು ತಡೆಯಾಗುವುದರಿಂದ ಅಥವಾ ತೆರೆಯುವುದರಿಂದ ಕ್ಲಿಕ್ ದಾಖಲಾಗುತ್ತದೆ. ಲೋಹದ ಸಂಪರ್ಕ ಬಿಂದುವೇ ಇಲ್ಲ, ಹಾಗಾಗಿ ಆಕ್ಸೈಡಿನ ಕಾಟವೂ ಇಲ್ಲ. ಆಪ್ಟಿಕಲ್ ಸೆನ್ಸರ್ ಬೇರೆ, ಆಪ್ಟಿಕಲ್ ಸ್ವಿಚ್ಚು ಬೇರೆ. ಮಾರುವವರು ಎಷ್ಟೋ ಸಲ ಇವೆರಡನ್ನೂ ಬೆರೆಸಿ ಹೇಳುತ್ತಾರೆ, ಕೇಳಿ ಖಚಿತಪಡಿಸಿಕೊಳ್ಳಿ. ಒತ್ತಿದಾಗಿನ ಸ್ಪರ್ಶ ಲೋಹದ ಸ್ವಿಚ್ಚಿನಷ್ಟು ಚುರುಕಲ್ಲ ಎಂದು ಕೆಲವರಿಗೆ ಅನಿಸುತ್ತದೆ. ಕಡಲಿನಿಂದ ಕೂಗಳತೆಯಲ್ಲಿರುವ ಮನೆಯವರಾದರೆ ಆ ಸುಖ ಬಿಟ್ಟುಕೊಟ್ಟು ಆಪ್ಟಿಕಲ್ ತೆಗೆದುಕೊಳ್ಳಿ ಎನ್ನುತ್ತೇನೆ.

ಹೊಸ ಮೌಸ್‌ನ ಪರೀಕ್ಷೆ: ಬ್ರೌಸರ್‌ನ ಡಬಲ್‌ಕ್ಲಿಕ್ ಪರೀಕ್ಷೆ ತೆರೆದು ಎರಡೂ ಗುಂಡಿಯನ್ನು ನೂರು ಸಲ ಒತ್ತಿ, ಎಣಿಕೆ ನೂರೇ ಬರಬೇಕು. ಆಮೇಲೆ ಒಂದು ಕಡತವನ್ನು ಒತ್ತಿ ಹಿಡಿದು ಪರದೆಯ ಸುತ್ತ ಎಳೆದಾಡಿಸಿ. ನಡುದಾರಿಯಲ್ಲಿ ಕೈಬಿಟ್ಟರೆ ದೋಷ. ಗುಂಡಿಯ ತುದಿಯಲ್ಲಿ, ನಡುವಿನಲ್ಲಿ, ಬುಡದ ಕಡೆಗೆ ಒತ್ತಿ ಗಟ್ಟಿತನ ಹೋಲಿಸಿ. ಪಕ್ಕದ ಗುಂಡಿಗಳನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿ, ಒತ್ತದೆಯೇ ಕ್ಲಿಕ್ ಬೀಳಬಾರದು. ಸಾಫ್ಟ್‌ವೇರ್‌ನಲ್ಲಿ ಡಿಬೌನ್ಸ್ ಸಮಯ ಬದಲಿಸಲು ಬಂದರೆ ಅದೂ ಒಂದು ಗುಣ. ಸ್ವಿಚ್ಚು ಹಳತಾದಾಗ ಸ್ವಲ್ಪ ಏರಿಸಿ ಇನ್ನಷ್ಟು ಕಾಲ ದೂಡಬಹುದು.

7. ವೀಲ್, ಮೈ, ತೂತು

ಉದ್ದದ ಪುಟವೊಂದನ್ನು ತೆರೆದು ವೀಲನ್ನು ಒಂದೊಂದೇ ಹಲ್ಲು ಕೆಳಗೆ ತಿರುಗಿಸಿ. ನಡುವೆ ಪುಟ ಮೇಲಕ್ಕೆ ಜಿಗಿದರೆ ಒಳಗಿನ ಎನ್‌ಕೋಡರ್ (ವೀಲ್ ತಿರುಗುವುದನ್ನು ಎಣಿಸುವ ಭಾಗ) ಸರಿಯಿಲ್ಲ. ಹೊಸತರಲ್ಲೇ ಹೀಗಾದರೆ ಕಣ್ಣುಮುಚ್ಚಿ ವಾಪಸ್ ಮಾಡಿ, ದಿನ ಹೋದಂತೆ ಅದು ಹೆಚ್ಚುತ್ತದೆಯೇ ಹೊರತು ತಾನಾಗಿ ಸರಿಹೋಗುವುದಿಲ್ಲ.

ಕೈಗೆ ಮೆತ್ತಗೆ, ರಬ್ಬರಿನಂತೆ ಹಿತವಾಗುವ ಲೇಪವಿರುವ ಮೌಸ್ ಅಂಗಡಿಯಲ್ಲಿ ಎಲ್ಲರ ಮನಸ್ಸು ಕದಿಯುತ್ತದೆ. ನಮ್ಮ ಹವೆಗೆ ಅದು ಬೇಡವೇ ಬೇಡ. ತೇವ ಮತ್ತು ಬೆವರಿಗೆ ಆ ಲೇಪ ಮೆಲ್ಲಗೆ ಕರಗಿ ಅಂಟಂಟಾಗುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ತರಿತರಿಯಾದ ಬರೀ ಪ್ಲಾಸ್ಟಿಕ್ ಮೈಯೇ ಬಾಳಿಕೆಗೆ ಒಳ್ಳೆಯದು. ಪರೀಕ್ಷೆಗೆ ಫ್ಯಾನ್ ನಿಲ್ಲಿಸಿ ಅರ್ಧ ಗಂಟೆ ಆಡಿ. ಬೆವರಿದ ಕೈಯಲ್ಲಿ ಮೌಸ್ ಜಾರುತ್ತದೆಯೇ ಎಂದು ಆಗ ಗೊತ್ತಾಗುತ್ತದೆ.

ತೂಕ ಇಳಿಸಲು ಮೈತುಂಬ ತೂತು ಕೊರೆದ ಮಾದರಿಗಳಿವೆ. ಗಾಳಿಯಾಡುವುದರಿಂದ ಸೆಕೆಗೆ ಹಿತ. ಆದರೆ ಅದೇ ತೂತಿನಲ್ಲಿ ಧೂಳು, ಬೆವರು, ಇರುವೆ ಎಲ್ಲ ಒಳಹೋಗುತ್ತವೆ. ತಿಂಡಿ ತಿನ್ನುತ್ತ ಆಡುವ ಮಕ್ಕಳಿರುವ ಮನೆಗೆ ಮುಚ್ಚಿದ ಮೈಯದೇ ಇರಲಿ.

8. ವಯರೋ, ವಯರ್‌ಲೆಸ್ಸೋ

2.4 ಗಿಗಾಹರ್ಟ್ಜ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ಇರುವ ಒಳ್ಳೆಯ ವಯರ್‌ಲೆಸ್ ಮೌಸ್ ಈಗ ವಯರಿನದಕ್ಕೆ ಸಮನಾಗಿ ಓಡುತ್ತದೆ. ಬ್ಲೂಟೂತ್ ಮಾತ್ರ ಇರುವುದನ್ನು ಆಟಕ್ಕೆ ತೆಗೆದುಕೊಳ್ಳಬೇಡಿ, ಅದರ ಸುದ್ದಿ ತಡವಾಗಿ ಬರುತ್ತದೆ. ಡಾಂಗಲ್ ಇದ್ದೂ ಕರ್ಸರ್ ತಡವರಿಸಿದರೆ ಮೌಸನ್ನು ದೂರುವ ಮೊದಲು ಒಂದು ಕೆಲಸ ಮಾಡಿ. ಯುಎಸ್‌ಬಿ 3.0 ಪೋರ್ಟ್ ಮತ್ತು ಅದಕ್ಕೆ ಚುಚ್ಚಿದ ಹಾರ್ಡ್‌ಡಿಸ್ಕುಗಳು 2.4 ಗಿಗಾಹರ್ಟ್ಜ್ ಅಲೆಗೆ ಅಡ್ಡಿ ಮಾಡುತ್ತವೆ. ಇಂಟೆಲ್ ಕಂಪೆನಿಯೇ 2012ರಲ್ಲಿ ಇದನ್ನು ವಿವರಿಸಿದೆ. ಎಕ್ಸ್‌ಟೆನ್ಶನ್ ವಯರಿನಿಂದ ಡಾಂಗಲನ್ನು ಪ್ಯಾಡಿನ ಹತ್ತಿರ ತಂದಿಟ್ಟು ಮತ್ತೆ ನೋಡಿ.

ವಯರಿನ ಮೌಸ್ ಆದರೆ ವಯರು ಎಷ್ಟು ಮೆತ್ತಗಿದೆ ಎಂಬುದೇ ಮುಖ್ಯ. ಮೌಸನ್ನು ಪ್ಯಾಡಿನ ನಡುವೆ ಬಿಟ್ಟು ಕೈ ತೆಗೆಯಿರಿ. ವಯರಿನ ಬಿಗಿಗೆ ಮೌಸ್ ತಾನೇ ಹೊರಳಿದರೆ ಆಡುವಾಗಲೂ ಎಳೆಯುತ್ತದೆ. ದುಡ್ಡು ಸೀಮಿತವಾಗಿದ್ದರೆ ವಯರಿನದೇ ಸರಿ. ಅದೇ ಬೆಲೆಗೆ ಬ್ಯಾಟರಿ, ರೇಡಿಯೋ ಎಲ್ಲ ತುಂಬಿಸಿದ ಮೌಸ್‌ನಲ್ಲಿ ಎಲ್ಲೋ ಒಂದು ಕಡೆ ಉಳಿತಾಯ ಮಾಡಿರುತ್ತಾರೆ.

9. ಆಟದಲ್ಲೇ ಹೋಲಿಕೆ

ಹಳೆಯದು, ಹೊಸದು ಎರಡನ್ನೂ ಒಂದೇ ವೇಗಕ್ಕೆ ಹೊಂದಿಸದೆ ಹೋಲಿಸಿದರೆ ಅನ್ಯಾಯ. ಆಟದಲ್ಲಿ ಒಂದು ಪೂರ್ತಿ ಸುತ್ತು ತಿರುಗಲು ಮೌಸ್ ಎಷ್ಟು ಸೆಂ.ಮೀ. ಸರಿಯಬೇಕು ಎಂಬುದೇ ಸರಿಯಾದ ಅಳತೆ. ಕೌಂಟರ್‌ಸ್ಟ್ರೈಕ್‌ನಲ್ಲಿ 800 ಡಿಪಿಐ, ಆಟದ ಒಳಗಿನ ಸೆನ್ಸಿಟಿವಿಟಿ (ತಿರುಗುವ ವೇಗ) 1 ಇಟ್ಟರೆ ಸುತ್ತಿಗೆ ಸುಮಾರು 52 ಸೆಂ.ಮೀ. ವ್ಯಾಲೊರಂಟ್‌ನಲ್ಲಿ 800 ಮತ್ತು 0.3 ಇಟ್ಟರೆ ಸುಮಾರು 54. ಎರಡೂ ಮೌಸ್‌ಗೆ ಅದೇ ಅಂತರ ಬರುವಂತೆ ಹೊಂದಿಸಿ, ಅಭ್ಯಾಸದ ಮೈದಾನದಲ್ಲಿ ಆಡಿ. ಎದುರಾಳಿಗಳಿರುವ ನಿಜವಾದ ಪಂದ್ಯದಿಂದ ಮೌಸ್‌ನ ತೀರ್ಪು ಕೊಡಬೇಡಿ. ಸರ್ವರ್ ಇರುವುದು ಮುಂಬೈಯಲ್ಲೋ ಸಿಂಗಾಪುರದಲ್ಲೋ. ಮಳೆಗೆ ಇಂಟರ್‌ನೆಟ್ ವಯರು ತಾಪತ್ರಯ ಕೊಡುವಾಗ ಹತ್ತಾರು ಮಿಲಿಸೆಕೆಂಡು ಏರುಪೇರಾಗುತ್ತದೆ. ಆ ತಪ್ಪು ಮೌಸ್‌ನ ಲೆಕ್ಕಕ್ಕೆ ಬೀಳಬಾರದು.

ಹೊಸ ಆಕಾರಕ್ಕೆ ಕೈ ಒಗ್ಗಲು ಕೆಲವು ದಿನ ಬೇಕು. ಗುರಿ ತಪ್ಪುವುದು ಆ ದಿನಗಳಲ್ಲಿ ಸಹಜ. ನೋವು ಸಹಜವಲ್ಲ. ಕಿರುಬೆರಳಿನ ಬುಡದಲ್ಲೋ ಮಣಿಕಟ್ಟಿನಲ್ಲೋ ನೋವು ಬಂದು ಮರುದಿನವೂ ಉಳಿದರೆ, ಉಳಿದ ಪರೀಕ್ಷೆಗಳಲ್ಲೆಲ್ಲ ಗೆದ್ದಿದ್ದರೂ ಆ ಮೌಸ್ ನಿಮ್ಮ ಕೈಯದಲ್ಲ.

10. ಇಡಬೇಕೇ, ವಾಪಸ್ ಮಾಡಬೇಕೇ?

ಡಬಲ್‌ಕ್ಲಿಕ್, ವೀಲ್‌ನ ಹಿಮ್ಮುಖ ಜಿಗಿತ, ಪುಸ್ತಕದ ಪರೀಕ್ಷೆಯಲ್ಲಿ ಗುರಿ ತಪ್ಪುವುದು, ಕೈನೋವು: ಇವುಗಳಲ್ಲಿ ಒಂದಿದ್ದರೂ ವಾಪಸ್. ಡಿಪಿಐ ಸ್ವಲ್ಪ ಆಚೀಚೆ, ವಯರು ಗಡುಸು, ದೀಪದ ಬಣ್ಣ ಮಂಕು, ಸಾಫ್ಟ್‌ವೇರ್ ಕಿರಿಕಿರಿ: ಇವನ್ನು ಬೆಲೆ ನೋಡಿ ಸಹಿಸಬಹುದು. ಜಾರುಪಟ್ಟಿ ಸವೆದರೆ ಹೊಸದು ಹಾಕಿಸಬಹುದು, ಗಡುಸು ವಯರಿಗೂ ದಾರಿಯಿದೆ. ಕೈಗೆ ಹೊಂದದ ಆಕಾರಕ್ಕೆ ಮಾತ್ರ ರಿಪೇರಿಯಿಲ್ಲ.

ದೋಷ ಕಂಡರೆ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಬೆರಳು ಒಂದು ಸಲ ಒತ್ತುವುದೂ ಪರದೆಯಲ್ಲಿ ಎಣಿಕೆ ಎರಡು ಏರುವುದೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕು. ಮೌಸ್‌ನ ಅಡಿಯ ಸೀರಿಯಲ್ ನಂಬರ್ ಚೀಟಿ ಬೆವರಿಗೆ ಅಳಿಸಿಹೋಗುವ ಮೊದಲು ಅದರ ಫೋಟೋ ಇಟ್ಟುಕೊಳ್ಳಿ, ಬಿಲ್ಲಿನದೂ ಸಹ. ವಾರಂಟಿ ಮುಗಿಯುವ ತನಕ ಸ್ಕ್ರೂ ಬಿಚ್ಚಬೇಡಿ, ಬಿಚ್ಚಿದ ಗುರುತು ಕಂಡರೆ ಬದಲಿ ಕೊಡಲು ತಕರಾರು ಮಾಡುತ್ತಾರೆ. ಮುಗಿದ ಮೇಲೆ ಹುವಾನೊ, ಕೈಲ್‌ನಂಥ ಕಂಪೆನಿಗಳ ಸ್ವಿಚ್ಚು ತರಿಸಿ, ಬೆಸುಗೆ ಬಲ್ಲವರಿಂದ ಹಾಕಿಸಿಕೊಳ್ಳಿ. ಒಂದು ಕೆಟ್ಟಿದ್ದರೂ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ, ಇಲ್ಲದಿದ್ದರೆ ಒತ್ತುವ ಬಿಗಿ ಒಂದೊಂದು ಬದಿಗೆ ಒಂದೊಂದು ಥರ ಆಗುತ್ತದೆ.